ಫಾದರ್ ಕೈ ಮಾಡಿದರು

ಸಿಟ್ಟು ಬಂದಾಗ ಫಾದರ್ ಇನಾಸ್ ತಮ್ಮ ಎರಡೂ ಕೈಗಳ ಮೇಲೆ ಕುಳಿತುಬಿಡುತ್ತಿದ್ದರು. ಅಂಗೈ ಕೆಳಗೆ ಮಾಡಿ, ತೊಡೆಯಡಿ ಸೇರಿಸಿ, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ. ಕುರ್ಚಿ ಇದ್ದರೆ ಕುರ್ಚಿ, ಇಲ್ಲದಿದ್ದರೆ ಕಟ್ಟೆ, ಅದೂ ಇಲ್ಲದಿದ್ದರೆ ಬರೀ ಎರೆಮಣ್ಣು. ಎದುರಿಗೆ ನಿಂತವನು ತಾಯಿ ಎತ್ತಿ ಬೈಯುತ್ತಿದ್ದರೂ ಹಾಗೇ ಕುಳಿತಿರುತ್ತಿದ್ದರು. ಕತ್ತಿನ ನರ ಉಬ್ಬಿ ಹಗ್ಗದಂತಾಗುತ್ತಿತ್ತು, ಹಲ್ಲು ಕಡಿಯುವ ಸದ್ದು ನನ್ನ ಕಿವಿಗೆ ಬೀಳುತ್ತಿತ್ತು. ಎದ್ದ ಮೇಲೆ ನೋಡಿದರೆ ಬೆರಳೆಲ್ಲ ಬೆಳ್ಳಗೆ, ಅಂಗೈ ತುಂಬ ಹರಳಿನ ಗುರುತು. ಕೈ ಕೊಡವಿ, "ಬಾ ಮಾರಾಯ, ಗಾಡಿ ತೆಗಿ" ಅನ್ನುತ್ತಿದ್ದರು.

ಅವು ಪೂಜೆ ಮಾಡುವವರ ಕೈಗಳಂತೆ ಇರಲಿಲ್ಲ. ಫಾದರ್ ಘಟ್ಟದ ಕೆಳಗಿನವರು, ಮೀನು ಹಿಡಿಯುವ ಮನೆಯವರು. ಸಣ್ಣಂದಿನಿಂದ ದೋಣಿಗೆ ಹುಟ್ಟು ಹಾಕಿ ಬೆಳೆದ ಕೈ. ಜೀಪಿನ ಸ್ಟೆಪ್ನಿಯನ್ನು ಒಂದೇ ಕೈಯಲ್ಲಿ ಎತ್ತಿ ಹಿಂದೆ ಸಿಕ್ಕಿಸುತ್ತಿದ್ದರು. ನಾನು ಲಾರಿ ಹೊಡೆದವನು, ನನಗೂ ಎರಡು ಕೈ ಬೇಕಾಗುತ್ತಿತ್ತು. ಊರ ಮಂದಿ ಅವರನ್ನು ಇನಾಸಪ್ಪಾರು ಅಂತ ಕರೆಯುತ್ತಿದ್ದರು. ಹಿಂದೆ 'ಅಪ್ಪ' ಹಚ್ಚದೆ ನಮ್ಮ ಕಡೆ ಹೆಸರು ಪೂರ್ತಿ ಆಗುವುದಿಲ್ಲ.

ನನ್ನ ಹೆಸರು ಫಕೀರಪ್ಪ. ಐದನೇ ಇಯತ್ತೆಗೆ ಸಾಲಿ ಬಿಟ್ಟೆ. ಟ್ರ್ಯಾಕ್ಟರ್ ಹೊಡೆದೆ, ಲಾರಿ ಹೊಡೆದೆ, ಯಾರ ಹಂಗಿನ ಅನ್ನವನ್ನೂ ಉಣ್ಣಲಿಲ್ಲ. ನನ್ನ ಕೈಯಲ್ಲಿ ಗಾಡಿ ಕೆಟ್ಟು ಹಾದಿಯಲ್ಲಿ ನಿಂತದ್ದಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ಪಾದ್ರಿಗಳ ಜೀಪು ಹೊಡೆಯಲು ಹೋದಾಗ ಮನೆಯಲ್ಲೇ ನಾಲ್ಕು ಮಾತು ಬಂದವು. ಮೊದಲ ದಿನವೇ ಫಾದರ್‌ಗೆ ಹೇಳಿಬಿಟ್ಟೆ.

"ನಿಮ್ಮ ಪೂಜಿ ನಿಮಗ, ನಮ್ಮ ಪೂಜಿ ನಮಗ. ಗಾಡಿ ಮಾತ್ರ ನಂದ್ರಿ."

"ಗಾಡಿ ನಿನ್ನದೇ. ಬ್ರೇಕ್ ಹಿಡೀತದಾ ಎಂತ, ಅದು ನೋಡು" ಅಂದರು. ಅಷ್ಟೇ ನಮ್ಮ ಕರಾರು.

ನಮ್ಮ ಕೇಂದ್ರ ಇದ್ದದ್ದು ಸಂಶಿಯಿಂದ ಒಳಗೆ ಹೋಗುವ ಒಂದು ಊರಲ್ಲಿ. ಊರಿನ ಹೆಸರು ಬರೆಯುವುದಿಲ್ಲ. ಈ ಕಥೆಯ ಹೆಣ್ಣುಮಗಳು ಇನ್ನೂ ಅಲ್ಲೇ ಬದುಕುತ್ತಿದ್ದಾಳೆ. ಒಂದು ಸಣ್ಣ ಪ್ರಾರ್ಥನಾ ಕೋಣೆ, ಅದಕ್ಕೆ ಹತ್ತಿಕೊಂಡು ಸಿಸ್ಟರ್ ಲೀನಾ ನಡೆಸುವ ದವಾಖಾನೆ, ಮುಂದೆ ಹೊಲಿಗೆ ಕ್ಲಾಸಿನ ದೊಡ್ಡ ಪಡಸಾಲೆ. ಕ್ರೈಸ್ತರ ಮನೆಗಳು ಕೈಬೆರಳಲ್ಲಿ ಎಣಿಸುವಷ್ಟು. ಬಾಗಿಲಿಗೆ ಬರುವವರು ಮಾತ್ರ ಎಲ್ಲ ಜಾತಿಯವರು.

ಇಂಥ ಕೇಂದ್ರಗಳು ಜಿಲ್ಲೆಯ ಉದ್ದಗಲಕ್ಕೂ ಇದ್ದವು. ಅವುಗಳನ್ನೆಲ್ಲ ಕೂಡಿಸಿ ಧರ್ಮಪ್ರಾಂತ್ಯ ಅನ್ನುತ್ತಾರೆ. ಅದಕ್ಕೆ ಯಜಮಾನರು ಪಟ್ಟಣದಲ್ಲಿರುವ ಬಿಷಪ್ಪರು. ತಿಂಗಳಿಗೊಮ್ಮೆ ಅವರ ಮನೆಯ ದೊಡ್ಡ ಹಾಲಿನಲ್ಲಿ ಎಲ್ಲ ಫಾದರ್‌ಗಳು, ಸಿಸ್ಟರ್‌ಗಳು, ಮಹಿಳಾ ಸಂಘದ ಹೆಣ್ಣುಮಕ್ಕಳು ಸೇರುತ್ತಿದ್ದರು. ಯಾವ ಊರಿಗೆ ಔಷಧ ಹೋಗಬೇಕು, ಯಾವ ಊರಲ್ಲಿ ಬಾಲವಾಡಿ ತೆಗೆಯಬೇಕು, ಯಾರ ಮನೆಯಲ್ಲಿ ಸಾವಾಗಿದೆ, ಯಾರನ್ನು ವಕೀಲರ ಕಡೆ ಕಳಿಸಬೇಕು, ಎಲ್ಲವೂ ಅಲ್ಲಿ ತೀರ್ಮಾನವಾಗುತ್ತಿತ್ತು. ಒಂದೇ ಊರಿಗೆ ಎರಡು ಗಾಡಿ ಹೋಗಬಾರದು, ಒಂದು ಊರೂ ಬಿಟ್ಟುಹೋಗಬಾರದು. ಫಾದರ್ ನನ್ನನ್ನೂ ಒಳಗೆ ಕರೆದುಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂಡಿಸುತ್ತಿದ್ದರು. ಡ್ರೈವರ್ ಯಾಕೆ ಅಂತ ಯಾರೋ ಕೇಳಿದ್ದಕ್ಕೆ, ಮಳೆಯಲ್ಲಿ ಯಾವ ಹಾದಿ ಮುಳುಗುತ್ತದೆ ಅಂತ ನಿಮಗೆ ಗೊತ್ತುಂಟಾ ಎಂದು ತಿರುಗಿ ಕೇಳಿದರು. ನಾನು ಒಮ್ಮೆ ಜೀಪಿನಲ್ಲಿ, ಇದು ನಮ್ಮ ಕೂರಿಗೆ ಇದ್ದಂಗ ಐತಿ ಬಿಡ್ರಿ ಅಂದೆ. ಮೇಲೆ ಬೀಜ ಹಾಕುವ ಬಟ್ಟಲು ಒಂದೇ, ಕೆಳಗೆ ಕೊಳವೆ ನಾಲ್ಕು. ಒಂದು ಕೊಳವೆ ಮಣ್ಣು ಕಟ್ಟಿದರೆ ಆ ಸಾಲು ಪೂರ್ತಿ ಬೋಳು. ಮುಂದಿನ ಸಭೆಯಲ್ಲಿ ಫಾದರ್ ಅದನ್ನೇ ಹೇಳಿದರು, "ಇದು ಫಕೀರಪ್ಪನ ಮಾತು" ಅಂತ ಹೆಸರು ಹಿಡಿದೇ ಹೇಳಿದರು. ನಾನು ಮೀಸೆ ತಿರುವಿಕೊಂಡೆ. ಸುಳ್ಳು ಯಾಕೆ ಹೇಳಲಿ.

ನಮ್ಮ ಮಾತು ಅವರಿಗೆ ಮೊದಮೊದಲು ತೊಡಕಾಗುತ್ತಿತ್ತು. ಕೇಂದ್ರದ ಎದುರಿಗೆ ನೀಲವ್ವಜ್ಜಿಯ ಚಹಾದಂಗಡಿ ಇತ್ತು. ಒಂದು ಸಲ ಜೀಪು ರಿಪೇರಿಗೆ ಹೋಗಿದ್ದಾಗ ಫಾದರ್ ಅಲ್ಲಿ ಬಸ್ಸಿಗೆ ನಿಂತಿದ್ದರು. ಬಸ್ಸು ಬಂತು. ಇವರು ಸುಮ್ಮನೆ ನೋಡುತ್ತ ನಿಂತಿದ್ದು ಕಂಡು ಅಜ್ಜಿ ಒಳಗಿನಿಂದಲೇ ಹೇಳಿದಳು, "ಯಪ್ಪಾ, ಕೈ ಮಾಡ್ರಿ, ಕೈ ಮಾಡ್ರಿ."

"ಬಸ್ಸಿಗೆ ಎಂತಕ್ಕೆ ಹೊಡೆಯುವುದು ಅಜ್ಜಿ?" ಅಂದರು ಫಾದರ್. ಬಸ್ಸು ಹೋಯಿತು.

ಘಟ್ಟದ ಕೆಳಗೆ ಕೈ ಮಾಡುವುದು ಅಂದರೆ ಹೊಡೆಯುವುದು, ಅಷ್ಟೇ. ನಾವು ಬಸ್ಸಿಗೂ ಕೈ ಮಾಡುತ್ತೇವೆ, ಮಂದಿಗೂ ಕೈ ಮಾಡುತ್ತೇವೆ. ಬಸ್ಸಿಗೆ ಮಾಡಿದರೆ ನಿಲ್ಲುತ್ತದೆ, ಮಂದಿಗೆ ಮಾಡಿದರೆ ಬೀಳುತ್ತಾರೆ. ಇದನ್ನು ನಾನೇ ಬಿಡಿಸಿ ಹೇಳಿದೆ. ಅವತ್ತಿಡೀ ನಗುತ್ತಿದ್ದರು.

ಅವರು ಕೈ ಮೇಲೆ ಕೂರುವುದನ್ನು ನಾನು ಮೊದಲು ಕಂಡದ್ದು ದೇವಿಕೊಪ್ಪದ ಹತ್ತಿರ. ಹಾದಿಬದಿಯ ಹೊಲದಲ್ಲಿ ಅಣ್ಣ ತಮ್ಮ ಇಬ್ಬರು ಬದುವಿಗಾಗಿ ಹೊಡೆದಾಡುತ್ತಿದ್ದರು. ತಮ್ಮನ ಕೈಯಲ್ಲಿ ಕುಡಗೋಲು, ಅಣ್ಣನ ಕೈಯಲ್ಲಿ ಬಾರುಕೋಲು. ಅಣ್ಣನ ಕಿವಿ ಹರಿದು ರಕ್ತ ಅಂಗಿಯವರೆಗೆ ಇಳಿದಿತ್ತು. ಹೋಗೂನ್ರಿ, ಇದು ನಮ್ಮ ಹಣೇಬರಹ ಅಲ್ಲ ಅಂತ ನಾನು ಹೇಳುವುದರೊಳಗೆ ಫಾದರ್ ಇಳಿದು ಹೋಗಿ ಅದೇ ಬದುವಿನ ಮೇಲೆ, ಇಬ್ಬರ ನಡುವೆ, ಕುಳಿತೇಬಿಟ್ಟರು. ಕೈಗಳು ತೊಡೆಯಡಿ. ಅಣ್ಣ ಬೀಸಿದ ಬಾರುಕೋಲು ಇವರ ಬೆನ್ನಿಗೆ ಬಿತ್ತು. ಎರಡನೆಯದೂ ಬಿತ್ತು. ಬಿಳಿ ಅಂಗಿ ಸೀಳಿ ಕೆಂಪು ಗೆರೆ ಎದ್ದಿತು. ಮೂರನೆಯದಕ್ಕೆ ಅವನ ಕೈಯೇ ಬರಲಿಲ್ಲ.

"ಏಳ್ರಿ ಸ್ವಾಮೇರ, ನಮ್ಮ ಬದುವಿನ ಮ್ಯಾಲ ಕುಂತೀರಿ" ಅಂದ ತಮ್ಮ.

"ಯಾರ ಬದು ಅಂತ ನೀವಿಬ್ಬರು ಹೇಳಿದ್ರೆ ಏಳ್ತೇನೆ" ಅಂದರು ಫಾದರ್.

ಸ್ವಲ್ಪ ಹೊತ್ತಿಗೆ ಅಣ್ಣನೂ ಬದುವಿನ ಮೇಲೆ ಕುಳಿತ. ನಾನು ಜೀಪಿನಿಂದ ನೀರು ತಂದು ಅವನ ಕಿವಿ ತೊಳೆದೆ.

ತಿರುಗಿ ಬರುವಾಗ ನಾನು ಕೇಳಿದೆ. ಆ ಕೈಯಿಂದ ಒಂದು ಬಿಟ್ಟಿದ್ದರೆ ಇಬ್ಬರೂ ಅಲ್ಲೇ ಮಲಗುತ್ತಿದ್ದರಲ್ಲ, ಯಾಕೆ ಬಿಡಲಿಲ್ಲ ಅಂತ. ಅವರು ತಮ್ಮ ಮನೆಯ ಕಥೆ ಹೇಳಿದರು. ಅವರ ಅಪ್ಪ ಕುಡಿದು ಬಂದು ಅವರ ಅವ್ವನನ್ನು ದಿನಾ ಹೊಡೆಯುತ್ತಿದ್ದನಂತೆ. ಒಂದು ದಿನ ಕೂದಲು ಹಿಡಿದು ಅಂಗಳದ ಕಲ್ಲಿಗೆ ತಲೆ ಜಜ್ಜುತ್ತಿದ್ದಾಗ ಇವರು ಬಾಗಿಲ ಹಿಂದಿನ ಹುಟ್ಟು ತೆಗೆದುಕೊಂಡು ಅಪ್ಪನ ಕಪಾಲಕ್ಕೆ ಎರಡು ಸಲ ಬೀಸಿದರು. ಅಪ್ಪ ಸಾಯಲಿಲ್ಲ. ಬಲಗಿವಿ ಹೋಯಿತು, ಬಾಯಿ ಸೊಟ್ಟಗಾಯಿತು, ಆಮೇಲೆ ಎಂದೂ ಕುಡಿಯಲಿಲ್ಲ.

"ಮತ್ತ ಒಳ್ಳೇದಾತಲ್ರಿ" ಅಂದೆ ನಾನು.

"ಹೊಡೆಯುವಾಗ ನನಗೆ ಖುಷಿ ಆಗಿತ್ತು ಫಕೀರಪ್ಪ. ಎರಡನೇ ಏಟು ಹೊಡೆದದ್ದು ಅಮ್ಮನಿಗಾಗಿ ಅಲ್ಲ."

ಇದರ ಬಗ್ಗೆ ನಮ್ಮಿಬ್ಬರ ಜಗಳ ಕೊನೆಯವರೆಗೂ ಮುಗಿಯಲಿಲ್ಲ. ಕೈ ಕೊಟ್ಟ ದೇವರು ಹೊಡೆಯುವುದಕ್ಕೂ ಕೊಟ್ಟಿದ್ದಾನೆ ಅನ್ನುವವನು ನಾನು. ಈಗಲೂ ಅನ್ನುತ್ತೇನೆ.

ಗಂಗವ್ವ ನಮ್ಮ ಹೊಲಿಗೆ ಕ್ಲಾಸಿಗೆ ಬರುತ್ತಿದ್ದಳು. ಅವಳ ಕೈ ಬಹಳ ಚುರುಕು. ಜಂಪರ್ ಹೊಲಿದರೆ ಒಳಗಿನ ಹೊಲಿಗೆ ಹೊರಗಿನದಕ್ಕಿಂತ ಚೆಂದ. ಅವಳ ಗಂಡ ಮಲ್ಲೇಶಿ ಹತ್ತಿ ಗಾಡಿಗೆ ಹಮಾಲಿ. ಹೆಂಡತಿ ಹೊಲಿಗೆ ಕಲಿತರೆ ತನ್ನ ಮಾತಿನಲ್ಲಿ ಇರುವುದಿಲ್ಲ ಅಂತ ಯಾರೋ ಅವನ ತಲೆಗೆ ತುಂಬಿದ್ದರು. ಮೊದಲು ಕಪಾಳಕ್ಕೆ ಹೊಡೆಯುತ್ತಿದ್ದ, ಆಮೇಲೆ ಒದೆಯುತ್ತಿದ್ದ. ಒಂದು ದಿನ ಅವಳ ಬಲಗೈಯನ್ನು ಒರಳಿನ ಮೇಲೆ ಇಟ್ಟು, ಮೊಣಕಾಲಿನಿಂದ ಮಣಿಕಟ್ಟು ಒತ್ತಿ ಹಿಡಿದು, ಒನಕೆಯಿಂದ ಬೆರಳು ಕುಟ್ಟಿದ. ಕೈ ಸೆರಗಿನಲ್ಲಿ ಸುತ್ತಿಕೊಂಡು ಅವಳು ನಡೆದೇ ಕೇಂದ್ರಕ್ಕೆ ಬಂದಳು. ಸಿಸ್ಟರ್ ಲೀನಾ ಸೆರಗು ಬಿಡಿಸಿದರು. ಲಾರಿಯ ಅಪಘಾತ ಎಷ್ಟೋ ನೋಡಿದವನು ನಾನು. ಅದನ್ನು ಮಾತ್ರ ನೋಡಲಾಗದೆ ಹೊರಗೆ ಹೋದೆ. ಫಾದರ್ ದವಾಖಾನೆಯ ಮೆಟ್ಟಿಲ ಮೇಲೆ ಕೈ ಮೇಲೆ ಕುಳಿತಿದ್ದರು.

ಮುಂದಿನ ಸಭೆಯಲ್ಲಿ ಗಂಗವ್ವನ ಮಾತು ಬಂತು. ಅವಳನ್ನು ಪಟ್ಟಣದ ಸಿಸ್ಟರ್‌ಗಳ ಮನೆಗೆ ಕಳಿಸಿಬಿಡೋಣ, ದೂರ ಇದ್ದರೆ ಜೀವ ಉಳಿದೀತು ಅಂದರು ಹಿರಿಯರು. ಆಸ್ಪತ್ರೆಗೆ ಒಬ್ಬರು, ವಕೀಲರಿಗೆ ಒಬ್ಬರು ಅಂತ ಅಲ್ಲೇ ನಿಗದಿಯಾಯಿತು. ಮಲ್ಲೇಶಿಯ ಮೇಲೆ ಕೇಸೂ ಆಯಿತು. ಆದರೆ ಪಟ್ಟಣಕ್ಕೆ ಹೋಗಲು ಗಂಗವ್ವ ಒಪ್ಪಲಿಲ್ಲ. ತಪ್ಪು ಮಾಡಿದವ ಊರಾಗ ಅಡ್ಡಾಡತಾನ, ನಾ ಯಾಕ ಓಡಿ ಹೋಗ್ಲಿ ಅಂದಳಂತೆ. ಕೇಂದ್ರದ ಹಿಂದಿನ ಕೋಣೆಯಲ್ಲಿ ಸಿಸ್ಟರ್ ಜೊತೆ ಉಳಿದಳು. ಎಡಗೈಯಲ್ಲಿ ಕತ್ತರಿ ಹಿಡಿಯುವುದು ಕಲಿತಳು. ಆಮೇಲೆ ಆ ಎಡಗೈಯಿಂದಲೇ ಉಳಿದ ಹೆಣ್ಣುಮಕ್ಕಳಿಗೆ ಕಲಿಸತೊಡಗಿದಳು. ಊರಲ್ಲಿ ಅವಳಿಗೆ ಇದ್ದದ್ದು ಆ ಒಂದೇ ಬಾಗಿಲು. ಅದು ಮುಚ್ಚಿದರೆ ಮತ್ತೆ ಒರಳೇ ಗತಿ.

ಸಂತೆಯ ದಿನ, ನಡುಮಧ್ಯಾಹ್ನ. ಸಿಸ್ಟರನ್ನು ಬೇರೆ ಊರಿಗೆ ಬಿಟ್ಟು ನಾನು ತಿರುಗಿ ಬರುತ್ತಿದ್ದೆ. ಮಲ್ಲೇಶಿ ನಾಲ್ಕೈದು ಮಂದಿಯನ್ನು ಕಟ್ಟಿಕೊಂಡು ಕೇಂದ್ರದ ಮುಂದೆ ಬಂದಿದ್ದ. ಪಾದ್ರಿ ನನ್ನ ಹೇಂತಿ ಜಾತಿ ಕೆಡಿಸ್ಯಾನ ಅಂತ ಸಂತೆಯಲ್ಲೆಲ್ಲ ಕೂಗಿಕೊಂಡು ಬಂದಿದ್ದನಂತೆ. ಒಬ್ಬನ ಕೈಯಲ್ಲಿ ಬೈಕಿನ ಚೈನು, ಉಳಿದವರ ಕೈಯಲ್ಲಿ ಬಡಿಗೆ. ಒಳಗೆ ಗಂಗವ್ವ ಮತ್ತು ಹೊಲಿಗೆಯ ಹೆಣ್ಣುಮಕ್ಕಳು ಅಗಳಿ ಹಾಕಿಕೊಂಡಿದ್ದರು. ಬಾಗಿಲಿನ ಹೊರಗೆ, ಹೊಸ್ತಿಲ ಮೇಲೆ, ಫಾದರ್ ಕುಳಿತಿದ್ದರು. ಎರಡೂ ಕೈ ತೊಡೆಯಡಿ.

ಒಳಗೆ ಹೋಗುವುದಾದರೆ ನನ್ನನ್ನು ದಾಟಿಕೊಂಡು ಹೋಗು ಅಂದರಂತೆ ಮಲ್ಲೇಶಿಗೆ. ಅವರು ದಾಟಲಿಲ್ಲ, ಹೊಡೆದರು. ನಾನು ತಿರುವಿನಲ್ಲಿ ಬರುವಾಗ ಚೈನು ಬೀಸಿದ್ದು ಕಂಡಿತು. ಅದು ಅವರ ಹಣೆಗೆ ಬಿದ್ದು ಹುಬ್ಬಿನಿಂದ ಕಿವಿಯವರೆಗೆ ಚರ್ಮ ಸೀಳಿತು. ಬಡಿಗೆ ಹೆಗಲಿಗೆ ಬಿತ್ತು. ಎಲುಬು ಮುರಿದ ಸದ್ದು ಎದುರಿನ ಚಹಾದಂಗಡಿಗೂ ಕೇಳಿತಂತೆ, ಒಣ ಜಾಲಿಕಟ್ಟಿಗೆ ಮುರಿದಂತೆ. ಆದರೂ ಆ ಮನುಷ್ಯ ಕೈ ತೆಗೆಯಲಿಲ್ಲ. ರಕ್ತ ಕಣ್ಣಿಗಿಳಿದು, ಗದ್ದಕ್ಕಿಳಿದು, ಅಂಗಿಯ ಎದೆ ಪೂರ್ತಿ ತೊಯ್ದಿತ್ತು.

ನಾನು ಜೀಪು ನಿಲ್ಲಿಸಿದೆ, ಎಂಜಿನ್ ಬಂದ್ ಮಾಡಲಿಲ್ಲ. ಸೀಟಿನಡಿಯ ಜಾಕ್ ರಾಡ್ ಎಳೆದುಕೊಂಡು ಓಡಿದೆ. ಮಲ್ಲೇಶಿ ನನಗೆ ಬೆನ್ನು ಮಾಡಿ ನಿಂತಿದ್ದ, ಇನ್ನೊಂದು ಏಟಿಗೆ ಬಡಿಗೆ ಎತ್ತಿದ್ದ. ಅವನ ಹೆಗಲ ಮೇಲಿಂದ ಫಾದರ್ ನನ್ನನ್ನು ಕಂಡರು. ಆಗ ಅವರ ಕೈ ಹೊರಗೆ ಬಂತು. ಚೈನಿಗೆ ಬಾರದ ಕೈ, ಬಡಿಗೆಗೆ ಬಾರದ ಕೈ, ನನ್ನನ್ನು ಕಂಡು ಹೊರಗೆ ಬಂತು. ಮುರಿದ ಹೆಗಲಿನ ಬಲಗೈಯನ್ನೇ ಮೇಲಕ್ಕೆತ್ತಿ, ಅಂಗೈ ನನ್ನ ಕಡೆ ಮಾಡಿ ಹಿಡಿದರು. ಬಸ್ಸಿಗೆ ಹಿಡಿದಂತೆ. ನಿಲ್ಲು ಅಂತ.

ನಾನು ನಿಲ್ಲಲಿಲ್ಲ. ಮಲ್ಲೇಶಿಯ ಎತ್ತಿದ ತೋಳಿಗೆ ರಾಡ್ ಬೀಸಿದೆ. ಮೊಣಕೈ ಹಿಂದುಮುಂದಾಗಿ ಜೋತುಬಿತ್ತು, ಅವನು ಹೊಸ್ತಿಲ ಮುಂದೆ ಕುಸಿದ. ಚೈನಿನವನ ಮೊಣಕಾಲಿಗೆ ಇನ್ನೊಂದು ಕೊಟ್ಟೆ. ಉಳಿದವರು ಸಂತೆಯೊಳಗೆ ಸೇರಿಹೋದರು. ನನಗೆ ಇದರ ಬಗ್ಗೆ ನಾಚಿಕೆ ಇಲ್ಲ.

ತನ್ನ ಮೇಲೆಯೇ ಕೇಸಿದ್ದುದರಿಂದ ಮಲ್ಲೇಶಿ ಪೊಲೀಸರ ಹತ್ತಿರ ಹೋಗಲಿಲ್ಲ. ಊರಿನ ಪಂಚರ ಹತ್ತಿರ ಹೋದ. ಡ್ರೈವರ್ ಹೊಡೆದ ಅಂದರೆ ಯಾರು ಕೇಳುತ್ತಾರೆ. ಪಾದ್ರಿ ಹೊಡೆದ ಅಂದರೆ ಊರೇ ಕೇಳುತ್ತದೆ. ಹಾಗೇ ಹೇಳಿದ. ಪಂಚರು ಬಿಷಪ್ಪರಿಗೆ ಮುಟ್ಟಿಸಿದರು. ಬಿಷಪ್ಪರ ಮನೆಯಿಂದ ವಿಚಾರಣೆಗೆ ಹಿರಿಯ ಗುರುಗಳೊಬ್ಬರು ಬಂದರು. ಒಳ್ಳೆಯವರೇ. ಆದರೆ ಘಟ್ಟದ ಕೆಳಗಿನಿಂದ ಹೊಸದಾಗಿ ಬಂದವರು, ಮಾತು ಪುಸ್ತಕದಂತೆ. ಪಡಸಾಲೆಯಲ್ಲಿ ಎಲ್ಲರನ್ನೂ ಕೂಡಿಸಿ ಕೇಳಿದರು. ಫಾದರ್ ಹೆಗಲಿಗೆ ಪಟ್ಟಿ ಕಟ್ಟಿಕೊಂಡು ಗೋಡೆಗೆ ಒರಗಿದ್ದರು.

ಹೊಡೆದವನು ನಾನು ಅಂತ ನಾನೇ ಮೊದಲು ಎದ್ದು ಹೇಳಿದೆ. ಗುರುಗಳು ತಲೆಯಾಡಿಸಿ, ಉಪ್ಪು ತಿಂದವರು ಹಾಗೆ ಹೇಳುವುದು ಸಹಜ, ಕುಳಿತುಕೊಳ್ಳಿ ಅಂದರು. ಎಲ್ಲ ಕಂಡವಳು ಅಂದರೆ ಚಹಾದಂಗಡಿಯ ನೀಲವ್ವಜ್ಜಿ. ಅವಳನ್ನು ಕೇಳಿದರು. ಅಜ್ಜಿಗೆ ಫಾದರ್ ಅಂದರೆ ಜೀವ. ಅವರಿಗೆ ಒಳ್ಳೆಯದಾಗಲಿ ಅಂತಲೇ ಸೆರಗು ಸರಿಮಾಡಿಕೊಂಡು ಹೇಳಿದಳು.

"ಮೊದ್ಲಿಂದ ಸುಮ್ನ ಕುಂತಿದ್ರಿ, ಪಾಪ. ಅಷ್ಟ್ ಹೊಡದ್ರೂ ಸುಮ್ನ ಕುಂತಿದ್ರು. ಕಡೀಕ ಕೈ ಮಾಡಿದ್ರು ನೋಡ್ರಿ. ಅಂವ ಬಿದ್ದ."

ಗುರುಗಳ ಮುಖ ಇಳಿಯಿತು.

"ಅದು ಬಸ್ಸಿಗೆ ಮಾಡೋ ಕೈ ರೀ" ಅಂದೆ ನಾನು ಎದ್ದು.

"ಅಲ್ಲಿ ಬಸ್ಸು ಎಲ್ಲಿತ್ತು?" ಅಂತ ಅವರು ನನ್ನನ್ನು ಕೇಳಿದರು, ಕುಡಿದವನನ್ನು ನೋಡುವಂತೆ ನೋಡಿ. ಆಮೇಲೆ ಫಾದರ್ ಕಡೆ ತಿರುಗಿದರು. ನೀವು ಕೈ ಮಾಡಿದ್ದು ಹೌದೋ?

ಫಾದರ್‌ಗೆ ಎರಡೂ ಅರ್ಥ ಗೊತ್ತಿತ್ತು. ನಾನೇ ಕಲಿಸಿದ್ದೆ. ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಒಳಗೆ ಮಿಶಿನ್ನಿನ ಮುಂದೆ ಕುಳಿತಿದ್ದ ಗಂಗವ್ವನನ್ನು ನೋಡಿದರು.

"ಹೌದು ಗುರುಗಳೇ, ಕೈ ಮಾಡಿದೆ."

ಗುರುಗಳು ಹೋದ ಮೇಲೆ ನಾನು ಫಾದರ್ ಜೊತೆ ಜಗಳಕ್ಕೇ ನಿಂತೆ. ನಾನು ಹೊಡೆದ ಏಟು ಬೇರೆಯವರ ಹೆಸರಿಗೆ ಹೋದರೆ ನನಗೆ ಸೇರುವುದಿಲ್ಲ. ಅವರು ಸಮಾಧಾನದಿಂದ ಹೇಳಿದರು. ಹೊಡೆದದ್ದು ಡ್ರೈವರ್ ಅಂದರೆ, ಪಾದ್ರಿಗಳು ರೌಡಿಗಳನ್ನು ಸಾಕಿದ್ದಾರೆ ಅನ್ನುತ್ತಾರೆ, ಕೇಂದ್ರವನ್ನೇ ಮುಚ್ಚಿ ಅನ್ನುತ್ತಾರೆ. ಒಬ್ಬ ಫಾದರ್‌ಗೆ ತಲೆ ಕೆಟ್ಟಿತು ಅಂದರೆ ಆ ಫಾದರನ್ನು ಬೇರೆ ಕಡೆ ಹಾಕುತ್ತಾರೆ, ಅಷ್ಟೇ.

"ನಮ್ಮಲ್ಲಿ ಫಾದರ್‌ಗೆ ಬದಲಿ ಉಂಟು ಫಕೀರಪ್ಪ. ಬಾಗಿಲಿಗೆ ಬದಲಿ ಇಲ್ಲ ಮಾರಾಯ. ನಿನ್ನ ಕೂರಿಗೆ ಮಾತೇ ಅಲ್ಲವಾ ಅದು?"

ನನ್ನ ಮಾತಿನಿಂದಲೇ ನನ್ನ ಬಾಯಿ ಮುಚ್ಚಿಸಿದರು. ಆದರೂ ಒಂದು ಕೇಳಿದೆ. ನಾನು ಹೊಡೆಯದಿದ್ದರೆ ನೀವು ಸಾಯುತ್ತಿದ್ದಿರಿ, ಅದು ಗೊತ್ತೇನು ಅಂತ. ಗೊತ್ತು ಅಂದರು. ನಿನ್ನ ಮೇಲೆ ಸಿಟ್ಟು ಉಂಟು, ಋಣವೂ ಉಂಟು, ಎರಡನ್ನೂ ಹೇಗೆ ತೀರಿಸುವುದು ಅಂತ ಗೊತ್ತಾಗುವುದಿಲ್ಲ ಅಂದರು.

ವರ್ಗ ಬಂತು. ಘಟ್ಟದ ಕೆಳಗೆ, ಮುದಿ ಗುರುಗಳು ಇರುವ ಮನೆಗೆ. ಕುಂದಗೋಳದ ಬಸ್ ಸ್ಟ್ಯಾಂಡಿನವರೆಗೆ ನಾನೇ ಬಿಟ್ಟೆ. ಒಂದು ಚೀಲ, ಒಂದು ಕೊಡೆ. ಬಸ್ಸು ಹೊರಟಿತು. ಬಲಗೈ ಹೆಗಲಿಗಿಂತ ಮೇಲೆ ಏಳುತ್ತಿರಲಿಲ್ಲ. ಎಡಗೈ ಕಿಟಕಿಯಿಂದ ಹೊರಗೆ ಹಾಕಿ ಫಾದರ್ ಕೈ ಮಾಡಿದರು. ನಾನೂ ಮಾಡಿದೆ. ಬಾಜುವಿನ ಹೂವಿನವಳು, ಯಾರ್ರಿ ಅವ್ರು ಅಂತ ಕೇಳಿದಳು. ಅಗದೀ ಜಿದ್ದಿನ ಮನುಷ್ಯಾ ಅಂದೆ.

ಹೊಸ ಫಾದರ್ ಬಂದರು, ವಯಸ್ಸಿನವರು, ಶಾಂತ ಸ್ವಭಾವ. ಸಭೆ ನಡೆಯುತ್ತಿತ್ತು, ಗಾಡಿ ಓಡುತ್ತಿತ್ತು, ಹೊಲಿಗೆ ನಡೆಯುತ್ತಿತ್ತು. ಮುಂದಿನ ಸುಗ್ಗಿಯ ಹೊತ್ತಿಗೆ ಮಲ್ಲೇಶಿ ಮತ್ತೆ ಬಂದ. ಒಬ್ಬನೇ, ಹಗಲಲ್ಲೇ ಕುಡಿದು, ಸೊಟ್ಟ ಕೈ ಎದೆಗೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಕುಡಗೋಲು. ನಾನು ಬಾನೆಟ್ ತೆಗೆದು ಎಂಜಿನ್ ನೋಡುತ್ತಿದ್ದೆ. ರಾಡ್‌ಗೆ ಕೈ ಹಾಕುವುದರೊಳಗೆ ಗಂಗವ್ವ ಬಾಗಿಲು ತೆಗೆದು ಹೊರಗೆ ಬಂದಳು. ಫಾದರ್ ಕುಳಿತಿದ್ದ ಅದೇ ಹೊಸ್ತಿಲ ಮೇಲೆ ಕುಳಿತಳು. ಜಜ್ಜಿದ ಬಲಗೈಯನ್ನು ತೊಡೆಯಡಿ ಇಟ್ಟುಕೊಂಡಳು. ಎಡಗೈ ಮಡಿಲಲ್ಲಿತ್ತು, ಅದರಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಬಾಯಿ ತೆರೆದುಕೊಂಡಿತ್ತು.

"ಬಾ" ಅಂದಳು. "ದಾಟಿ ಬಾ. ಒಂದ್ ಕೈ ನೀ ತಗೊಂಡಿ. ಒಂದೈತಿ ಇನ್ನ."

ಮಲ್ಲೇಶಿ ಕತ್ತರಿಯನ್ನು ನೋಡಿದ, ಅವಳ ಮುಖ ನೋಡಿದ. ನೀಲವ್ವಜ್ಜಿ ಕುದಿಯುವ ಚಹಾದ ಪಾತೇಲಿ ಹಿಡಿದು ರಸ್ತೆಗೇ ಬಂದು ನಿಂತಿದ್ದಳು. ಸಂತೆಗೆ ಹೊರಟ ಹೆಂಗಸರೂ ನಿಂತರು. ಅವನು ಕುಡಗೋಲು ಕೆಳಗೆ ಮಾಡಿ ಬಂದ ಹಾದಿ ಹಿಡಿದ. ನನ್ನ ರಾಡ್ ಸೀಟಿನಡಿಯಲ್ಲೇ ಉಳಿಯಿತು. ಸ್ವಲ್ಪ ನಿರಾಸೆಯೂ ಆಯಿತು.

ಅವತ್ತೇ ಫಾದರ್‌ಗೆ ಫೋನ್ ಹಚ್ಚಿದೆ. ದನಿ ಬಹಳ ಸೋತಿತ್ತು. ತಲೆಗೆ ಬಿದ್ದ ಏಟಿನ ನೋವು ಹೋಗಿಯೇ ಇಲ್ಲ ಅಂತ ಸಿಸ್ಟರ್ ಲೀನಾ ಹೇಳಿದ್ದರು. ನಡೆದದ್ದೆಲ್ಲ ಹೇಳಿದೆ.

"ಕತ್ತರಿ ಎತ್ತಿದಳಾ?"

"ಇಲ್ರಿ. ಮಡಿಲಾಗ ಇತ್ತು. ಆದ್ರ ಅಂವ ಇನ್ನೊಂದ್ ಹೆಜ್ಜಿ ಇಟ್ಟಿದ್ರ ಎತ್ತತಿದ್ಲರಿ."

ಆ ಕಡೆ ಮಾತಿಲ್ಲ. ತಪ್ಪು ಅನ್ನುತ್ತಾರೆ ಅಂತ ಕಾದೆ, ಅನ್ನಲಿಲ್ಲ. ಸರಿ ಅಂತಲೂ ಅನ್ನಲಿಲ್ಲ.

"ಬಾಗಿಲು?" ಅಂದರು.

"ತಗದೈತ್ರಿ."

"ಹಾಂ" ಅಂದರು. ಅದೇ ಕೊನೆಯ ಮಾತು. ಮಳೆ ಹಿಡಿಯುವ ಮುಂಚೆ ಹೋಗಿಬಿಟ್ಟರು. ಬಿಷಪ್ಪರ ಮನೆಯಿಂದ ಎಲ್ಲ ಕೇಂದ್ರಗಳಿಗೂ ಸುದ್ದಿ ಬಂತು, ಎಲ್ಲ ಕಡೆಯೂ ಒಂದೇ ಹೊತ್ತಿಗೆ ಪೂಜೆ ಆಯಿತು. ನಾನು ಒಳಗೆ ಹೋಗಲಿಲ್ಲ, ಹೊಸ್ತಿಲ ಹೊರಗೆ ನಿಂತಿದ್ದೆ.

ಈಗಲೂ ಆ ಫೋನಿನ ಮೌನ ನೆನಪಾಗುತ್ತದೆ. ಒಂದು ಕೈಯಲ್ಲಿ ಫೋನು ಹಿಡಿದಿದ್ದರಲ್ಲ. ಇನ್ನೊಂದು ಕೈ ಎಲ್ಲಿತ್ತೋ, ನನಗೆ ಕಾಣಲಿಲ್ಲ.